ಓದಿ ಕೇಳಿಸದ ಒಂದು ಸಾಲು

ರಹಮತ್ ಚಾಚಾ ಪ್ರೋಗ್ರಾಮನ್ನು ಗಟ್ಟಿಯಾಗಿ ಓದುತ್ತಿದ್ದರು. ಕಂಪ್ಯೂಟರಿನ ಮುಂದೆ ಕುಳಿತು ತನಗೆ ತಾನೇ ಗೊಣಗುವ ಓದಲ್ಲ. ಎದುರಿಗೆ ಒಬ್ಬ ಮನುಷ್ಯನನ್ನು ಕೂರಿಸಿಕೊಂಡು, ಅಕ್ಷರ ಬಾರದವರಿಗೆ ಊರಿಂದ ಬಂದ ಕಾಗದ ಓದಿ ಹೇಳುವಂತೆ, ಸಾಲು ಸಾಲಾಗಿ, ಕನ್ನಡದಲ್ಲಿ. "ಇವತ್ತು ಸೋಮವಾರ ಆಗಿದ್ರೆ, ಟ್ಯಾಂಕಿನಾಗೆ ಅರ್ಧಕ್ಕಿಂತ ಕಮ್ಮಿ ನೀರಿದ್ರೆ, ಮೇಲಿನ ಕೇರಿಗೆ ಮುಕ್ಕಾಲು ಗಂಟೆ ಬಿಡು. ನಡುವೆ ಕರೆಂಟ್ ಹೋದ್ರೆ, ಎಲ್ಲಿಗೆ ನಿಂತಿತ್ತೋ ಅಲ್ಲಿಂದಾನೇ ಶುರು ಮಾಡು."

ಎದುರಿಗೆ ಕುಳಿತು ಕೇಳುತ್ತಿದ್ದವನು ತಿಪ್ಪಣ್ಣ. ಬಿ.ದುರ್ಗದ ಕಡೆಯ ಒಂದು ಹಳ್ಳಿಯ ನೀರುಗಂಟಿ. ಊರಿನ ಟ್ಯಾಂಕಿನಿಂದ ಯಾವ ಕೇರಿಗೆ ಎಷ್ಟು ಹೊತ್ತು ಎಂದು ವಾಲ್ವ್ ತಿರುಗಿಸುವವನು. ಓದು ಬರಹ ಇಲ್ಲ. ಸಾಲು ಸರಿಯಿದ್ದರೆ ತಲೆಯಾಡಿಸುತ್ತಿದ್ದ, ಸರಿಯಿಲ್ಲದಿದ್ದರೆ ಲೊಚಗುಟ್ಟುತ್ತಿದ್ದ. ಲೊಚಗುಟ್ಟಿದ ಸಾಲು ಪ್ರೋಗ್ರಾಮಿನೊಳಗೆ ಹೋಗುತ್ತಿರಲಿಲ್ಲ. ಅದನ್ನು ಬರೆದವರು ಎಂಥ ಪದವಿಯವರಾದರೂ ಅಷ್ಟೇ.

ಸತ್ತವರ ಬಗ್ಗೆ ಬರೆಯುವವರು ಅವರನ್ನು ಮೊದಲ ಪುಟದಲ್ಲೇ ಸಂತರನ್ನಾಗಿ ಮಾಡಿಬಿಡುತ್ತಾರೆ. ನನಗೆ ಅಂಥ ಬರಹಗಳ ಮೇಲೆ ನಂಬಿಕೆ ಇಲ್ಲ. ಆದ್ದರಿಂದ ದೋಷಗಳನ್ನು ಮೊದಲು ಹೇಳಿಬಿಡುತ್ತೇನೆ. ಚಾಚಾ ನಿಧಾನಸ್ಥರು. ಬಂದ ಪತ್ರಕ್ಕೆ ವಾರಗಟ್ಟಲೆ ಉತ್ತರ ಬರೆಯುತ್ತಿರಲಿಲ್ಲ. ಹಠಮಾರಿ. ಯಾರಾದರೂ ವೇಗದ ಬಗ್ಗೆ ಮಾತಾಡಿದರೆ ಕಿವಿ ಕೇಳಿಸದವರಂತೆ ನಟಿಸುತ್ತಿದ್ದರು, ಮತ್ತು ಆ ನಟನೆ ಬಹಳ ಕೆಟ್ಟದಾಗಿತ್ತು.

ಚಿತ್ರದುರ್ಗದಲ್ಲಿ ಸಂತೆಹೊಂಡದ ಹಿಂದಿನ ಓಣಿಯಲ್ಲಿ ಅವರದು ಮೋಟರ್ ವೈಂಡಿಂಗ್ ಅಂಗಡಿ, ಸುಟ್ಟ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು. ಅಜ್ಜನ ಕಾಲದಲ್ಲಿ ಅದೇ ಜಾಗದಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರಂತೆ. "ಪಾತ್ರೆ ಹೋಯ್ತು, ತಾಮ್ರ ಉಳೀತು" ಎನ್ನುತ್ತಿದ್ದರು. ಹೊಗೆ ಹಿಡಿದ ಗೋಡೆ, ವಾರ್ನಿಷ್ ವಾಸನೆ, ಬಿಚ್ಚಿಟ್ಟ ಮೋಟರುಗಳು, ಅವುಗಳ ನಡುವೆ ಅಕ್ಕಿ ಚೀಲದ ಹೊದಿಕೆ ಹೊದ್ದ ಒಂದು ಹಳೆಯ ಕಂಪ್ಯೂಟರ್. ಅವರ ಕನ್ನಡಕದ ಒಂದು ಕಡ್ಡಿ ಮುರಿದಿತ್ತು. ಅದಕ್ಕೂ ತಾಮ್ರದ ತಂತಿಯನ್ನೇ ಸುತ್ತಿದ್ದರು, ಎಣಿಸಿಯೇ ಸುತ್ತಿರಬೇಕು. ಕೈಯಂತ್ರದಲ್ಲಿ ತಂತಿ ಸುತ್ತುವಾಗ ಯಾರು ಮಾತಾಡಿಸಿದರೂ ಎಡಗೈಯ ತೋರುಬೆರಳು ಮೇಲೆ ಏಳುತ್ತಿತ್ತು. ಉರ್ದುವಿನಲ್ಲಿ ನಡೆಯುತ್ತಿದ್ದ ಎಣಿಕೆ ಮುಗಿಯುವವರೆಗೆ ಆ ಬೆರಳು ಇಳಿಯುತ್ತಿರಲಿಲ್ಲ. ಅಷ್ಟರಲ್ಲಿ ಎದುರಿನವರ ಕೋಪವೋ ವಾದವೋ ಅರ್ಧ ಆರಿರುತ್ತಿತ್ತು. ಇದು ಅವರ ಉಪಾಯ ಎಂದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು.

ನಾನು ಹೊಳಲ್ಕೆರೆಯವಳು. ದುರ್ಗದಲ್ಲಿ ಬಿಸಿಎ ಓದುತ್ತಿದ್ದೆ. ಓದಿದ್ದಕ್ಕಿಂತ ಚರ್ಚಾಸ್ಪರ್ಧೆಗೆ ಓಡಾಡಿದ್ದೇ ಹೆಚ್ಚು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಚೀಟಿ ಎತ್ತಿದ ಮೇಲೆ ಹತ್ತು ನಿಮಿಷ ಸಾಕಿತ್ತು. ಮನೆಯ ಸಂಪಿನ ಮೋಟರ್ ಸುಟ್ಟಾಗ ಅಪ್ಪ ಅದನ್ನು ಬಸ್ಸಿಗೆ ಹಾಕಿ ಕಳಿಸಿದರು, ನಾನು ಅದನ್ನು ಆಟೊದಲ್ಲಿ ಚಾಚಾ ಅಂಗಡಿಗೆ ತಂದೆ. ರಿಪೇರಿ ಮುಗಿದ ಮೇಲೆ ಅವರು ಮೋಟರಿನ ವಯರು ಸೇರುವ ಡಬ್ಬಿಯ ಮುಚ್ಚಳ ತಿರುಗಿಸಿ, ಅದರ ಒಳಮೈಗೆ ಸಣ್ಣ ಕುಂಚದಿಂದ ಬಿಳಿ ಪೇಂಟಿನಲ್ಲಿ ಬರೆಯತೊಡಗಿದರು: ತಂತಿಯ ದಪ್ಪ ಎಷ್ಟು, ಸುತ್ತು ಎಷ್ಟು, ಯಾವ ಕಡೆಯಿಂದ ಶುರು.

"ಇದನ್ಯಾಕೆ ಬರೀತೀರಿ? ನಾಳೆ ಇನ್ನೊಬ್ಬ ಮೆಕ್ಯಾನಿಕ್ ಬಿಚ್ಚಿದ್ರೆ ನಿಮ್ಮ ಲೆಕ್ಕ ಪೂರಾ ಕದ್ಕೊಂತಾನೆ" ಎಂದೆ.

"ಕದೀಲಿ ಅಂತಾನೇ ಬರೆಯೋದು ಕಣಮ್ಮ. ಲೆಕ್ಕ ಗೊತ್ತಿಲ್ದೆ ಅಂದಾಜಿನ ಮೇಲೆ ಸುತ್ತಿದ್ರೆ ಮತ್ತೆ ಸುಡ್ತೈತೆ."

"ಸುಟ್ರೆ ನಿಮ್ಮತ್ರಾನೇ ಬರ್ತಾರಲ್ಲ. ನಿಮಗೆ ಒಳ್ಳೇದೇ."

ಅವರು ಕುಂಚ ಕೆಳಗಿಟ್ಟು ನನ್ನನ್ನು ನೋಡಿದರು. "ಏನಮ್ಮ, ವಕೀಲ್ಕೆ ಓದ್ತಿದೀಯಾ?"

"ಇಲ್ಲ, ಬಿಸಿಎ."

"ಹಂಗಾದ್ರೆ ಕುಂತ್ಕ. ನಿನಗೊಂದು ತೋರ್ಸೋದೈತೆ."

ಅವತ್ತಿನಿಂದ ನಾನು ಆ ಅಂಗಡಿಯಲ್ಲಿ ವಕೀಲಮ್ಮ. ತೋರಿಸಿದ್ದು 'ಪಾಳಿ' ಎಂಬ ಪ್ರೋಗ್ರಾಂ. ಹಳ್ಳಿಗಳ ಪಂಪ್‌ಹೌಸಿಗೆ ಮೋಟರ್ ಕೂರಿಸಲು ಹೋದಲ್ಲೆಲ್ಲ ಚಾಚಾ ಒಂದೇ ಜಗಳ ಕಂಡಿದ್ದರು: ನೀರುಗಂಟಿ ತನಗೆ ಬೇಕಾದವರ ಕೇರಿಗೆ ಹೆಚ್ಚು ಹೊತ್ತು ಬಿಟ್ಟ ಎಂದು. ನೀರುಗಂಟಿಯ ಮೇಲೆ ಅರ್ಜಿ, ಅರ್ಜಿಯ ಮೇಲೆ ಅರ್ಜಿ. ಪಾಳಿ ದಿನಾ ಬೆಳಿಗ್ಗೆ ಟ್ಯಾಂಕಿನ ನೀರು ನೋಡಿ ಯಾವ ಕೇರಿಗೆ ಎಷ್ಟು ಹೊತ್ತು ಎಂದು ಒಂದು ಹಾಳೆ ಕೊಡುತ್ತಿತ್ತು. ಹಾಳೆ ಪಂಚಾಯಿತಿ ಗೋಡೆಗೆ. ಓದಲಾರದ ನೀರುಗಂಟಿಗಳಿಗೆ ಫೋನಿನಲ್ಲಿ ಮಾತು. ಆ ಮಾತು ಚಾಚಾ ಅವರದೇ ದನಿ. ಒಂದೊಂದು ಊರಿನ ಒಂದೊಂದು ಕೇರಿಯ ಹೆಸರನ್ನೂ ಅವರು ಹೇಳಿ ಹಿಡಿದಿಟ್ಟಿದ್ದರು. "ಈಗ ಮೇಲಿನ ಕೇರಿ. ಮುಕ್ಕಾಲು ಗಂಟೆ." ವಾಲ್ವ್ ತಿರುಗುವ ಹೊತ್ತಿಗೆ ಜೇಬಿನಿಂದ ಆ ದನಿ ಬರುತ್ತಿತ್ತು.

ಪ್ರೋಗ್ರಾಮಿನ ಒಳಗನ್ನೆಲ್ಲ ಅವರು ಇಂಟರ್ನೆಟ್ಟಿನಲ್ಲಿ ತೆರೆದಿಟ್ಟಿದ್ದರು. ಯಾರು ಬೇಕಾದರೂ ನೋಡಬಹುದು, ಪ್ರತಿ ಮಾಡಿಕೊಂಡು ಬಳಸಬಹುದು, ತಿದ್ದಿ ಕಳಿಸಬಹುದು. ಮೋಟರಿನ ಮುಚ್ಚಳದ ಒಳಗೆ ಬರೆಯುವುದೂ ಇದೂ ಅವರಿಗೆ ಒಂದೇ ಕೆಲಸ. ಬಬ್ಬೂರಿನ ಆಚೆಯ ಒಂದು ಊರು ಮೊದಲು ಪಾಳಿ ಹಿಡಿಯಿತು, ಆಮೇಲೆ ಹೊಸದುರ್ಗದ ಕಡೆ ಕೆಲವು, ಹೊಳಲ್ಕೆರೆ ಕಡೆ ಕೆಲವು. ಪ್ರಚಾರ ಇಲ್ಲ, ಸಭೆ ಇಲ್ಲ. "ಮೋಟರ್ ಸುಟ್ಟಾಗ ಮಾತ್ರ ಊರು ಕಿವಿ ಕೊಡ್ತೈತೆ" ಎನ್ನುತ್ತಿದ್ದರು. ಹೊಸ ಮೋಟರ್ ಕೂರಿಸಿ, ಕೈ ತೊಳೆದುಕೊಂಡು, ಆಮೇಲೆ ಪಾಳಿಯ ಮಾತೆತ್ತುವುದು ಅವರ ಕ್ರಮ.

ತಿದ್ದುಪಡಿಗಳು ಅಲ್ಲಿ ಇಲ್ಲಿಂದ ಬರುತ್ತಿದ್ದವು. ಅವನ್ನು ಮೂಲಕ್ಕೆ ಸೇರಿಸುವ ಗುಂಡಿ ಮಾತ್ರ ಚಾಚಾ ಒಬ್ಬರ ಕೈಯಲ್ಲಿತ್ತು. ತಿಪ್ಪಣ್ಣ ದುರ್ಗಕ್ಕೆ ಬಂದು, ಕೂತು, ಕೇಳಿ, ತಲೆಯಾಡಿಸುವವರೆಗೆ ಅವರು ಅದನ್ನು ಒತ್ತುತ್ತಿರಲಿಲ್ಲ. ಹೊಸದುರ್ಗದ ಕಡೆಯ ಒಬ್ಬ ಬಿಲ್ ಕಲೆಕ್ಟರ್ ಹಬ್ಬದ ದಿನಗಳ ಪಟ್ಟಿಯನ್ನು ಪಾಳಿಗೆ ಹೊಂದಿಸಿ ಕಳಿಸಿದ್ದ. ತಿಪ್ಪಣ್ಣನ ಮನೆಯಲ್ಲಿ ಶೇಂಗಾ ಕೀಳುತ್ತಿದ್ದರು, ಅವನು ಬರಲಿಲ್ಲ; ಹಬ್ಬವೇ ಮುಗಿದು ಹೋಯಿತು. ಬಿಲ್ ಕಲೆಕ್ಟರ್ ಮತ್ತೆ ಏನೂ ಕಳಿಸಲಿಲ್ಲ.

ನನಗೆ ರೇಗಿತು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕುಳಿತು ವಾದ ಹೂಡಿದೆ. ಒಂದು, ಒಬ್ಬ ನೀರುಗಂಟಿಯ ತಲೆಯಾಟಕ್ಕೆ ಇಷ್ಟು ಊರುಗಳು ಕಾಯುವುದು ನ್ಯಾಯವಲ್ಲ. ಎರಡು, ತೆರೆದ ಯೋಜನೆ ಎಂದ ಮೇಲೆ ನಿಯಮವೂ ಎಲ್ಲರಿಗೂ ಒಂದೇ ಇರಬೇಕು. ಮೂರು, ಕೆಲಸ ಮಾಡುವವರನ್ನು ಕಾಯಿಸಿದರೆ ಅವರು ಹೋಗುತ್ತಾರೆ, ಹೋಗಿದ್ದಾರೆ. ಆದ್ದರಿಂದ ತಿದ್ದುಪಡಿಯನ್ನು ಎಲ್ಲ ಪಂಚಾಯಿತಿಯವರಿರುವ ಫೋನ್ ಗುಂಪಿಗೆ ಹಾಕೋಣ. ಮೂರು ದಿನ ಯಾರೂ ಆಕ್ಷೇಪಿಸದಿದ್ದರೆ ಸೇರಿಸಿಬಿಡೋಣ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿ ಉತ್ತರಿಸದೆ ಬಿಟ್ಟ ಅಂಶ ನಮ್ಮ ಲೆಕ್ಕಕ್ಕೇ ಬರುತ್ತದೆ. ನಾನು ಬೆಳೆದದ್ದು ಆ ನಿಯಮದಲ್ಲಿ.

ಚಾಚಾ ಬೆರಳೆತ್ತಿ ಕಾಯಿಸಿದರು. ಆ ಸಲ ನನ್ನ ಕಾವು ಆರಲಿಲ್ಲ. ಸುತ್ತು ಮುಗಿಸಿ, ತಂತಿ ಕತ್ತರಿಸಿ, "ಸೋತೆ ಕಣಮ್ಮ" ಎಂದರು. "ಆದ್ರೆ ಸೋತೆ ಅಂದಿದ್ದಕ್ಕೆ ಒಪ್ಪಿದೆ ಅಂತ ತಿಳ್ಕಬೇಡ."

ಹೊಸ ನಿಯಮದಲ್ಲಿ ಹೋದ ಮೊದಲ ತಿದ್ದುಪಡಿ ನನ್ನದೇ. ಬೇಸಿಗೆ, ಟ್ಯಾಂಕುಗಳಲ್ಲಿ ನೀರು ಕಡಿಮೆ, ಎಲ್ಲ ಕೇರಿಗಳಿಗೂ ಇನ್ನಷ್ಟು ಹೊತ್ತು ಬೇಕು. ನೀರು ಬಂದಾಗ ಆ ಕೇರಿಯ ಯಾರಾದರೂ ಫೋನಿನಲ್ಲಿ 'ಬಂತು' ಎಂದು ಒತ್ತುವ ಅನುಕೂಲ ಪಾಳಿಯಲ್ಲಿ ಮೊದಲೇ ಇತ್ತು. ಒತ್ತಲೇಬೇಕೆಂದಿರಲಿಲ್ಲ. ನಾನು ಬರೆದ ಸಾಲು ಇಷ್ಟೇ: ಸತತ ಮೂರು ಪಾಳಿ ಯಾರೂ 'ಬಂತು' ಎಂದು ಒತ್ತದ ಕೇರಿಗೆ ನೀರಿನ ಅಗತ್ಯವಿಲ್ಲವೆಂದು ತಿಳಿ, ಅದರ ಹೊತ್ತನ್ನು ಉಳಿದವರಿಗೆ ಹಂಚು. ಬರೆದ ರಾತ್ರಿ ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು. ಗುಂಪಿಗೆ ಹಾಕಿದೆ. ಹೆಚ್ಚು ಹೊತ್ತು ಸಿಗುವವರು ಯಾಕೆ ಆಕ್ಷೇಪಿಸುತ್ತಾರೆ? ಮೂರು ದಿನ ಯಾರೂ ಮಾತಾಡಲಿಲ್ಲ.

"ತಿಪ್ಪಣ್ಣಂಗೆ ಒಂದು ಮಾತು ಓದಿಬಿಡಾಣ?" ಎಂದರು ಚಾಚಾ.

"ಹಂಗಾದ್ರೆ ನಿಯಮ ಯಾಕೆ ಮಾಡಿದ್ವಿ?" ಎಂದೆ.

ಅವರು ಗುಂಡಿ ಒತ್ತಿದರು.

ಹದಿನೈದು ದಿನಗಳಾಗಿರಬಹುದು. ತಿಪ್ಪಣ್ಣ ಪಂಪ್‌ಹೌಸಿನ ಸ್ಟಾರ್ಟರ್ ಹೆಗಲ ಮೇಲೆ ಹೊತ್ತು ಅಂಗಡಿಗೆ ಬಂದ. ಚಾಚಾ ತಂತಿ ಸುತ್ತುತ್ತಿದ್ದರು. ಬೆರಳು ಎದ್ದಿತ್ತು. ಅದನ್ನು ಲೆಕ್ಕಿಸದೆ ಅವನು ಸ್ಟಾರ್ಟರ್ ಇಳಿಸುತ್ತ ಕೇಳಿದ: "ನಮ್ಮೂರ ಕೆರೆಹಿಂದಿನ ಕಾಲೋನೀನ ಯಾಕೆ ತೆಗೆದುಬಿಟ್ರಿ ಸಾಬ್ರೇ?"

ಚಾಚಾ ಎಣಿಕೆ ತಪ್ಪಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬೆರಳು ತಾನಾಗಿ ಇಳಿಯಿತು. "ಯಾವತ್ತಿಂದ?"

"ಹನ್ನೊಂದು ದಿನ ಆಯ್ತು. ಫೋನಿನಾಗೆ ನೀವು ಕಾಲೋನಿ ಹೆಸರೇ ಹೇಳ್ತಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲೋ?"

"ಪಂಚಾಯ್ತಿಯೋರು ತೀರ್ಮಾನ ಮಾಡವ್ರೆ ಅಂದ್ಕಂಡೆ. ನೀವು ಹೇಳದ ಕೇರಿಗೆ ಬಿಟ್ರೆ ನನ್ ಮೇಲೆ ಅರ್ಜಿ ಕೊಡ್ತಾರೆ. ಅರ್ಜಿ ತಪ್ಪಿಸಾಕೆ ಅಲ್ವಾ ನೀವು ಇದನ್ನ ಮಾಡಿದ್ದು?"

ನನ್ನ ಬಾಯಿ ಸುಮ್ಮನಿರಲಿಲ್ಲ. "ಅವರು 'ಬಂತು' ಅಂತ ಒತ್ತಬೇಕಿತ್ತು" ಎಂದೆ.

ತಿಪ್ಪಣ್ಣ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ನೀರು ಬಂದ್ರೆ ಬಿಂದಿಗೆ ಹಿಡೀತಾರಮ್ಮ. ಫೋನ್ ಯಾರು ಹಿಡೀತಾರೆ?"

ಆಮೇಲೆ ಬಾಗಿ ಸ್ಟಾರ್ಟರಿನ ಮುಚ್ಚಳ ಬಿಚ್ಚುತ್ತ, ಒಂದು ಸಲ ಲೊಚಗುಟ್ಟಿದ.

"ಹೋಗಾಣ ನಡಿ" ಎಂದರು ಚಾಚಾ. ಸ್ಕೂಟರ್ ಹತ್ತಿದೆವು. ನಾನು ಹಿಂದೆ ಕುಳಿತು ಮನಸ್ಸಿನಲ್ಲಿ ಸಮರ್ಥನೆಯ ಅಂಶಗಳನ್ನು ಜೋಡಿಸುತ್ತಿದ್ದೆ. ಅದು ಕೂಡ ನೆನಪಿದೆ.

ಕೆರೆಹಿಂದಿನ ಕಾಲೋನಿಯ ನಲ್ಲಿಯ ಬುಡದಲ್ಲಿ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಮೊದಲ ಮನೆಯ ಜಗಲಿಯಲ್ಲಿ ಹೊನ್ನಮ್ಮ ಕುಳಿತಿದ್ದಳು, ಬಲಗೈಗೆ ಪಟ್ಟಿ ಕಟ್ಟಿತ್ತು. ಶಾಲೆಯ ಬಿಸಿಯೂಟದ ಅಡುಗೆಯವಳು. ನಲ್ಲಿ ನಿಂತ ಮೇಲೆ ಇಡೀ ಕಾಲೋನಿ ದೂರದ ಹೊಲದ ಬೋರಿನಿಂದ ನೀರು ಹೊರುತ್ತಿತ್ತು. ಐದನೆಯ ದಿನವೋ ಆರನೆಯ ದಿನವೋ ಬದುವಿನ ಮೇಲೆ ಬಿಂದಿಗೆ ಸಮೇತ ಬಿದ್ದಿದ್ದಳು. ಮಣಿಕಟ್ಟಿನ ಮೂಳೆ ಮುರಿದಿತ್ತು. ಒಲೆಯ ಮುಂದಿನ ಕೆಲಸಕ್ಕೆ ಶಾಲೆಯವರು ಬೇರೆಯವರನ್ನು ಕರೆದಿದ್ದರು.

"ಇಷ್ಟು ದಿನ ಯಾರಿಗೂ ಯಾಕೆ ಹೇಳ್ಲಿಲ್ಲಮ್ಮ?" ಎಂದು ಕೇಳಿದರು ಚಾಚಾ.

"ನೀರು ನಿಲ್ಲೋದು ನಮಗೆ ಹೊಸದಾ ಸಾಬ್ರೇ? ನಿಮ್ಮ ಪಾಳಿ ಬರೋಕೆ ಮೊದ್ಲು ಹಿಂಗೇ ಇತ್ತು. ಮತ್ತೆ ಶುರುವಾಯ್ತು ಅಂದ್ಕಂಡ್ವಿ."

ಚಾಚಾ ಜಗಲಿಯ ಕೆಳಗೆ, ನೆಲದ ಮೇಲೇ ಕುಳಿತರು. "ನಮ್ಮ ಪ್ರೋಗ್ರಾಂ ತಪ್ಪಮ್ಮ. ನಾನು ಓದಿ ಕೇಳಿಸ್ದೆ ಗುಂಡಿ ಒತ್ತಿದೆ" ಎಂದರು. ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಹೊನ್ನಮ್ಮ ನನ್ನನ್ನು ನೋಡಿ, "ಮಗಳಾ?" ಎಂದಳು. "ಹೂಂ, ಹಂಗೇ ಅನ್ಕಳ್ರಿ" ಎಂದರು.

ಆ ಸಂಜೆ ಅವರು ನನ್ನ ಸಾಲನ್ನು ತೆಗೆದುಹಾಕಿದರು. ಪಾಳಿಯಲ್ಲಿ ಆದ ಪ್ರತಿ ಬದಲಾವಣೆಯನ್ನೂ ಬರೆದಿಡುವ ಒಂದು ಪುಟವಿತ್ತು, ಬಳಸುವ ಎಲ್ಲರೂ ನೋಡುವಂಥದ್ದು. ಅದರಲ್ಲಿ ಬರೆದರು: "ಒಂದು ಕಾಲೋನಿಗೆ ಹನ್ನೊಂದು ದಿನ ನೀರು ನಿಂತಿತು. ಒಬ್ಬರ ಕೈ ಮುರಿಯಿತು. ಓದಿ ಕೇಳಿಸದೆ ಸೇರಿಸಿದ ಸಾಲಿನಿಂದ ಆದದ್ದು. ತಪ್ಪು ನನ್ನದು. ರಹಮತ್." ಆ ಸಾಲು ಮೊದಲು ಬರೆದದ್ದು ಯಾರು ಎಂದು ಕೆದಕಿದವರಿಗೆ ಸಿಗುತ್ತಿತ್ತು. ಕೆದಕುವವರು ಯಾರೂ ಇರಲಿಲ್ಲ. ನಾನು ಅದನ್ನು ಓದಿದೆ. ಕೆಳಗೆ ಒಂದು ಮಾತು ಸೇರಿಸಬಹುದಿತ್ತು. ಸೇರಿಸಲಿಲ್ಲ.

ಬೇರೆಯವರಾಗಿದ್ದರೆ ಸದ್ದಿಲ್ಲದೆ ಸರಿಮಾಡಿ ಮುಗಿಸುತ್ತಿದ್ದರು. ತೆರೆದಿಟ್ಟಿದ್ದರಿಂದ ಸುದ್ದಿ ಹಬ್ಬಿತು. "ಸಾಬ್ರ ಪ್ರೋಗ್ರಾಂ ನೀರು ನಿಲ್ಲಿಸ್ತಂತೆ" ಎಂಬ ಮಾತು ಹಿರಿಯೂರಿನ ಕಡೆಯಿಂದಲೂ ತಿರುಗಿ ಬಂತು. ಒಂದೊಂದೇ ಊರು ಪಾಳಿ ಬಿಟ್ಟಿತು. ಕೆಲವರು ಹಳೆಯ ಜಗಳಕ್ಕೆ ಮರಳಿದರು, ಕೆಲವರು ಯಾವುದೋ ಕಂಪನಿಯ ಪ್ರೋಗ್ರಾಂ ತಂದರು. ಅದರೊಳಗೆ ಯಾವ ಕೇರಿಯನ್ನು ಯಾವ ಕಾರಣಕ್ಕೆ ಬಿಟ್ಟಿದ್ದಾರೆ ಎಂದು ಯಾರೂ ನೋಡಲಾರರು, ಆದ್ದರಿಂದ ಅದರಲ್ಲಿ ತಪ್ಪೂ ಇಲ್ಲ. ಮೋಟರ್ ಕೂರಿಸಲು ಹೋದ ಊರುಗಳಲ್ಲಿ ಚಾಚಾ ಕೈ ತೊಳೆದುಕೊಂಡು ಸುಮ್ಮನೆ ಹಿಂತಿರುಗತೊಡಗಿದರು. ತಿಪ್ಪಣ್ಣನ ಊರು ಮಾತ್ರ ಪಾಳಿ ಬಿಡಲಿಲ್ಲ. ಅಲ್ಲಿ ಹಾಗೆ ಹಠ ಹಿಡಿದದ್ದು ಹೊನ್ನಮ್ಮನಂತೆ. ಯಾಕೆ ಎಂದು ನಾನು ಅವಳನ್ನು ಕೇಳಿಲ್ಲ.

ಓದು ಮುಗಿದು ನಾನು ಹಿರಿಯೂರಿನಲ್ಲಿ ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಸೇರಿದೆ. ದುರ್ಗಕ್ಕೆ ಹೋಗುವುದು ಕಡಿಮೆಯಾಯಿತು, ದೂರ ಕಾರಣವಲ್ಲ. ಕೊನೆಯ ಸಲ ಹೋದಾಗ ಅಂಗಡಿಯಲ್ಲಿ ವಾರ್ನಿಷ್ ವಾಸನೆ ಇರಲಿಲ್ಲ. ಚಾಚಾ ಅವರ ಕಾಲು ಊದಿತ್ತು, ಕೈಯಲ್ಲಿ ಸೂಜಿಯ ಗುರುತುಗಳಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್. ಮೇಜಿನ ಮೇಲೆ ಒಂದು ಸಣ್ಣ ಸ್ಟೀಲ್ ಲೋಟ, ಅದರ ಹೊರಮೈಗೆ ಬಿಳಿ ಪೇಂಟಿನಲ್ಲಿ ಗೆರೆಗಳು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರ್ ಹೇಳಿದ್ದನ್ನು ಅವರು ಹೊತ್ತುಹೊತ್ತಿಗೆ ಹಂಚಿಕೊಂಡಿದ್ದರು.

"ಈಗ ನಂದೂ ಪಾಳಿ ನೀರೇ ಕಣಮ್ಮ" ಎಂದರು. "ಅರ್ಜಿ ಕೊಡಾಕೂ ಜಾಗ ಇಲ್ಲ."

ಆಮೇಲೆ ಅಕ್ಕಿ ಚೀಲ ಸರಿಸಿ ಕಂಪ್ಯೂಟರ್ ತೋರಿಸಿದರು. "ಗುಂಡಿ ಇನ್ಮೇಲೆ ನೀನು ಇಟ್ಕ. ಪಾಸ್‌ವರ್ಡ್ ಬರ್ಕೊಡ್ತೀನಿ."

"ನನಗ್ಯಾಕೆ ಚಾಚಾ? ತಪ್ಪು ಮಾಡ್ದೋಳಿಗೆ?"

"ತಪ್ಪು ಮಾಡ್ದೋರಿಗೇ ಗೊತ್ತಿರೋದು ಎಲ್ಲಿ ಸುಡ್ತೈತೆ ಅಂತ."

ನಾನು ಮೂರು ಕಾರಣ ಕೊಟ್ಟೆ. ಕೆಲಸದ ಒತ್ತಡ. ಒಬ್ಬರ ಕೈಯಲ್ಲೇ ಗುಂಡಿ ಇರುವುದು ತಾತ್ವಿಕವಾಗಿ ತಪ್ಪು. ಬಳಸುವ ಊರು ಒಂದೇ ಉಳಿದಿರುವಾಗ ಯೋಜನೆಯನ್ನು ಎಳೆಯುವುದು ಭಾವುಕತೆ. ಮೂರೂ ಗಟ್ಟಿ ಅಂಶಗಳು; ಯಾವ ತೀರ್ಪುಗಾರನೂ ನನಗೆ ಅಂಕ ಕೊಡುತ್ತಿದ್ದ. ನಿಜವಾದ ಕಾರಣ ನಾಲ್ಕನೆಯದು, ಹೇಳದೆ ಉಳಿದದ್ದು: ಗುಂಡಿ ನನ್ನದಾದರೆ ಚಾಚಾ ತಪ್ಪೊಪ್ಪಿಕೊಂಡ ಆ ಪುಟವೂ ನನ್ನದಾಗುತ್ತದೆ, ಪ್ರತಿ ಸಲವೂ ಅದನ್ನು ದಾಟಿಯೇ ಹೋಗಬೇಕು.

ಚಾಚಾ ತೋರುಬೆರಳು ಎತ್ತಿದರು. ಕೈಯಲ್ಲಿ ತಂತಿ ಇರಲಿಲ್ಲ, ಯಂತ್ರ ನಿಂತಿತ್ತು, ತುಟಿ ಅಲ್ಲಾಡುತ್ತಿರಲಿಲ್ಲ. ನಾನು ಕಾಯ್ದೆ. ಬಹಳ ಹೊತ್ತಾದ ಮೇಲೆ ಬೆರಳು ಇಳಿಸಿ, "ವಾದ ಚೆನ್ನಾಗೈತೆ ವಕೀಲಮ್ಮ" ಎಂದರು. ಲೋಟ ಎತ್ತಿ, ಗೆರೆ ನೋಡಿಕೊಂಡು, ಒಂದು ಗುಟುಕು ಕುಡಿದು ಕೆಳಗಿಟ್ಟರು.

ತಿಂಗಳೊಳಗೆ ಚಾಚಿಯ ಫೋನ್ ಬಂತು. ಮಣ್ಣಾದ ಮೇಲೆ ತಲುಪಿದೆ. ಪಾಸ್‌ವರ್ಡನ್ನು ಅವರು ಎಲ್ಲೂ ಬರೆದಿಟ್ಟಿರಲಿಲ್ಲ. ಮೋಟರಿನ ಮುಚ್ಚಳಗಳಲ್ಲೆಲ್ಲ ಲೆಕ್ಕ ಬರೆದಿಟ್ಟ ಮನುಷ್ಯ ಇದೊಂದನ್ನು ಕೈಯಿಂದ ಕೈಗೆ ಕೊಡಬೇಕು ಎಂದುಕೊಂಡಿದ್ದರು, ಕೈ ಚಾಚಿದವರಿರಲಿಲ್ಲ. ಪ್ರೋಗ್ರಾಮನ್ನು ಪ್ರತಿ ಮಾಡಿಕೊಂಡು ಬೇರೆ ಕಡೆ ನಡೆಸಬಹುದು, ಅದಕ್ಕೆ ಅವರೇ ಅನುಮತಿ ಬರೆದಿಟ್ಟಿದ್ದಾರೆ. ಆದರೆ ಅವರು ನನ್ನ ತಪ್ಪನ್ನು ತಮ್ಮ ಹೆಸರಿಗೆ ಬರೆದುಕೊಂಡ ಪುಟ ಮೂಲದಲ್ಲಿ ಹಾಗೇ ಇರುತ್ತದೆ. ಅದನ್ನು ಇನ್ನು ಯಾರೂ ತಿದ್ದಲಾರರು.

ಹೋದ ವಾರ ನಾನು ಆ ಪುಟಕ್ಕೆ ಒಂದು ತಿದ್ದುಪಡಿ ಕಳಿಸಿದೆ. ಮೂರೇ ಸಾಲು. ಅದು ಒಪ್ಪಿಗೆಗೆ ಕಾಯುತ್ತಿದೆ ಎಂದು ತೋರಿಸುತ್ತದೆ, ಮುಂದೆಯೂ ಹಾಗೇ ತೋರಿಸುತ್ತದೆ. ಕಳಿಸುವ ಮೊದಲು ಕ್ರಮ ತಪ್ಪಿಸಬಾರದೆಂದು ತಿಪ್ಪಣ್ಣನ ಊರಿಗೆ ಹೋದೆ. ಪಂಪ್‌ಹೌಸಿನ ನೆರಳಲ್ಲಿ ಅವನನ್ನು ಕೂರಿಸಿಕೊಂಡು ಓದಿದೆ: "ಕಾಲೋನಿಗೆ ನೀರು ನಿಲ್ಲಿಸಿದ ಸಾಲು ಬರೆದದ್ದು ನಾನು. ತಿಪ್ಪಣ್ಣನಿಗೆ ಓದುವುದು ಬೇಡ ಎಂದದ್ದೂ ನಾನು. ರಹಮತ್ ಚಾಚಾ ಅವರ ತಪ್ಪಿಲ್ಲ."

ತಿಪ್ಪಣ್ಣ ನೆಲ ನೋಡುತ್ತ ಕೇಳಿಸಿಕೊಂಡ. "ಸಾಬ್ರು ಇದನ್ನ ಕೇಳಿಸ್ಕಂಡಿದ್ರಾ?"

"ಇಲ್ಲ."

ಅವನು ತಲೆಯಾಡಿಸಲಿಲ್ಲ. ಲೊಚಗುಟ್ಟಲೂ ಇಲ್ಲ. ಮೌನವನ್ನು ನನ್ನ ಲೆಕ್ಕಕ್ಕೆ ಬರೆದುಕೊಳ್ಳುವ ಅಭ್ಯಾಸ ನನಗೆ ಈಗ ಇಲ್ಲ; ಕಾಯುತ್ತ ಕುಳಿತೆ. ಅಷ್ಟರಲ್ಲಿ ಅವನ ಜೇಬಿನೊಳಗಿಂದ ಚಾಚಾ ಮಾತಾಡಿದರು.

"ಈಗ ಕೆರೆಹಿಂದಿನ ಕಾಲೋನಿ. ಮುಕ್ಕಾಲು ಗಂಟೆ."

ತಿಪ್ಪಣ್ಣ ಎದ್ದು ವಾಲ್ವಿನ ಕಡೆ ಹೋದ.